ಟವರ್ ಇಲ್ಲದ ಕಾಲೇಜಿನಲ್ಲಿ ಏಣಿ ಮೇಷ್ಟ್ರು

ಬೆಂಕಿ ನಂದಿಸುವ ವಿದ್ಯೆಯನ್ನು ಪುಸ್ತಕ ಓದಿಸಿ ಕಲಿಸಲಾಗದೆಂದು ಮೂವತ್ತೇಳು ವರ್ಷ ದುಡಿದು ತೋರಿಸಿದವರು, ಶಿಷ್ಯರ ಬಾಯಲ್ಲಿ 'ಏಣಿ ಮೇಷ್ಟ್ರು' ಎಂದೇ ಹೆಸರಾದ ಈ ಹಿರಿಯರು. ಇಪ್ಪತ್ತೊಂದು ವರ್ಷ ಅಗ್ನಿಶಾಮಕ ಠಾಣೆಯಲ್ಲಿ, ಹದಿನಾರು ವರ್ಷ ಕಾಲೇಜಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿರುವ ಅವರಿಗೆ ಕಾಲೇಜು ಕೊಟ್ಟ ಪತ್ರದಲ್ಲಿರುವುದು 'ಸೇವೆ ತೃಪ್ತಿಕರ' ಎಂಬ ಎರಡೇ ಪದ. ಆ ಎರಡು ಪದಗಳು ಏನೇನನ್ನು ಮುಚ್ಚಿಟ್ಟಿವೆಯೆಂದು ಬಲ್ಲ ಶಿಷ್ಯರಾದ ನಾವು ಈ ಅಭಿನಂದನಾ ಗ್ರಂಥದಲ್ಲಿ ಬರೀ ಸಿಹಿಮಾತು ಪೋಣಿಸಿದರೆ ಮೇಷ್ಟ್ರಿಗೆ ಎರಡನೇ ಸಲ ಅನ್ಯಾಯವಾದಂತೆ.

ಪೊಲೀಸ್ ಆಡಳಿತ, ಅಗ್ನಿಶಾಮಕ ಎಂಬ ಎರಡು ಡಿಪ್ಲೊಮಾಗಳನ್ನು ತೆರೆದಾಗ ಕಾಲೇಜು ಅವರನ್ನು ಠಾಣೆಯಿಂದ ಕರೆತಂದಿತು. ಪರಿಚಯ ಪತ್ರಿಕೆಯಲ್ಲಿ ಏಣಿ ಹತ್ತಿ ಅಭ್ಯಾಸ ಮಾಡುವ ನಾಲ್ಕಂತಸ್ತಿನ ತರಬೇತಿ ಟವರಿನ ಚಿತ್ರವಿತ್ತು. ನಿಜದಲ್ಲಿ ಆ ಜಾಗದಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದರು. ಮೊದಲ ವರ್ಷ ಮುಗಿಯುವಾಗ ಪ್ರಾಂಶುಪಾಲರು ಮೂವತ್ತೊಂದು ವಿದ್ಯಾರ್ಥಿಗಳ ಪ್ರಾಯೋಗಿಕ ದಾಖಲೆಯನ್ನು ಮುಂದಿಟ್ಟು, "ಮುಂದಿನ ತಿಂಗಳು ಟವರ್ ಏಳುತ್ತೆ ಮೇಷ್ಟ್ರೇ. ನೂರಿಪ್ಪತ್ತು ಗಂಟೆ ಏಣಿ ಅಭ್ಯಾಸ ಆಗಿದೆ ಅಂತ ಈಗ ಸಹಿ ಹಾಕ್ಬಿಡಿ, ಆಮೇಲೆ ಮಾಡಿಸಿದ್ರಾಯ್ತು" ಎಂದರು. ಮೇಷ್ಟ್ರು ನಂಬಿ ಸಹಿ ಹಾಕಿದರು. ಟವರ್ ಏಳಲಿಲ್ಲ.

ಮರುವರ್ಷ ಪ್ರವೇಶದ ವೇಳೆ ಸೇರಲು ಬಂದವರಿಗೆ ಮಾಹಿತಿ ಕೊಡುವ ಕೊಠಡಿಯಲ್ಲಿ ಅವರನ್ನೇ ಕೂರಿಸಿದರು. ಒಂದು ಬೆಳಿಗ್ಗೆ ಬಟ್ಟೆ ಹೊಲಿಯುವ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು.

"ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಸರ್. ಪೊಲೀಸ್ ಆದ್ರೆ ನಾಲ್ಕು ಜನ ಎದ್ದು ನಿಲ್ತಾರೆ. ಬೆಂಕಿ ಆರಿಸೋ ಉಸಾಬರಿ ಹೆಣ್ಮಕ್ಕಳಿಗೆ ಯಾಕೆ?"

ಮೇಷ್ಟ್ರು ಮಗಳ ಕಡೆ ತಿರುಗಿ ಇದೇ ಯಾಕೆ ಬೇಕೆಂದು ಕೇಳಿದರು.

"ನಮ್ಮ ಬೀದೀಲಿ ಬಟ್ಟೆ ಅಂಗಡಿ ಹತ್ಕೊಂಡಾಗ ಎಲ್ರೂ ಹೊರಗೆ ಓಡಿದ್ರು ಸರ್. ಮೂರು ಜನ ಮಾತ್ರ ಒಳಗೆ ಹೋದ್ರು. ಆ ಮೂವರಿಗೆ ಗೊತ್ತಿದ್ದದ್ದು ನಂಗೂ ಗೊತ್ತಾಗ್ಬೇಕು."

ಮೇಷ್ಟ್ರು ತಾಯಿಗೆ ಹೇಳಿದರು: "ಪೊಲೀಸ್ ಕೆಲಸ ಕಡಿಮೆಯದೇನಲ್ಲಮ್ಮ. ಆದ್ರೆ ಜನರನ್ನ ಪ್ರಶ್ನೆ ಕೇಳೋ ಮನಸ್ಸು ಬೇರೆ, ಉತ್ತರ ಕೊಡೋ ಸ್ಥಿತೀಲೇ ಇಲ್ಲದವರನ್ನ ಹೊತ್ಕೊಂಡು ಬರೋ ಮನಸ್ಸು ಬೇರೆ. ನಿಮ್ಮ ಮಗಳದ್ದು ಎರಡನೇದು. ಆದ್ರೆ ಈ ವರ್ಷ ಇಲ್ಲಿ ಸೇರಿಸ್ಬೇಡಿ. ಇಲ್ಲಿ ಟವರಿಲ್ಲ. ಹೊರಗೆ ನಿಂತಿದೆಯಲ್ಲ ಆ ಕೆಂಪು ಗಾಡಿ, ಅದರೊಳಗೆ ಪಂಪೂ ಇಲ್ಲ."

ಆ ಮಾತು ಸಂಜೆಯೊಳಗೆ ಪ್ರಾಂಶುಪಾಲರ ಕಿವಿಗೆ ಬಿತ್ತು. ಮರುದಿನವೇ ಮೇಷ್ಟ್ರ ಮೇಜನ್ನು ಕ್ರೀಡಾ ಸಾಮಗ್ರಿಯ ಉಗ್ರಾಣಕ್ಕೆ ಸಾಗಿಸಿದರು. ಗಾಳಿ ಹೋದ ಚೆಂಡುಗಳು, ಮುರಿದ ಹರ್ಡಲ್ಲುಗಳು, ಹರಿದ ಬಲೆಗಳ ನಡುವೆ ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಸುಡುವ ಕಟ್ಟಡಗಳಿಂದ ಜನರನ್ನು ಹೊತ್ತುತಂದ ಮನುಷ್ಯ ಹನ್ನೊಂದು ತಿಂಗಳು ಕೂತರು. ಸಹೋದ್ಯೋಗಿಗಳಲ್ಲಿ ಒಬ್ಬರಾದರೂ ಬಾಯಿ ಬಿಡಲಿಲ್ಲ. ಅವರಲ್ಲಿ ಕೆಲವರು ಈ ಗ್ರಂಥಕ್ಕೆ ಸೊಗಸಾದ ಶುಭಾಶಯ ಕಳಿಸಿದ್ದಾರೆ. ಅಚ್ಚು ಹಾಕಿದ್ದೇವೆ, ಓದುಗರು ಓದಿಕೊಳ್ಳಲಿ.

ಕೋರ್ಸು ಮುಗಿಸಿದ ಮೂವತ್ತೊಂದು ಮಂದಿ ನೇಮಕಾತಿಗೆ ಹೋದಾಗ ಅಗ್ನಿಶಾಮಕ ಇಲಾಖೆಯ ಅಧಿಕಾರಿ ದಾಖಲೆ ತಿರುವಿ ಹಾಕಿ, "ನಿಮ್ಮ ಕಾಲೇಜಲ್ಲಿ ಟವರೇ ಇಲ್ವಲ್ಲ. ನೂರಿಪ್ಪತ್ತು ಗಂಟೆ ಏಣಿ ಹತ್ತಿದ್ದು ಎಲ್ಲಿ, ಕನಸಲ್ಲಾ?" ಎಂದು ಎಲ್ಲರೆದುರು ಕೇಳಿದರು. ಸುಳ್ಳು ದಾಖಲೆ ತಂದವರೆಂಬ ಹಣೆಪಟ್ಟಿ ಹೊತ್ತು ಆ ಮಕ್ಕಳು ಹಿಂದಿರುಗಿದರು. ಪ್ರಾಂಶುಪಾಲರು ಅಂದೇ ಮೇಷ್ಟ್ರನ್ನು ಕರೆಸಿದರು.

"ಹುಡುಗರು ಹೊರಗಡೆ ಇಟ್ಟಿದ್ದ ಅಭ್ಯಾಸಕ್ಕೆ ಚಕ್ಕರ್ ಹೊಡೆದ್ರು, ನಿಮ್ಮ ಹತ್ರ ಸುಳ್ಳು ಹೇಳಿ ಸಹಿ ಹಾಕಿಸ್ಕೊಂಡ್ರು ಅಂತ ಬರೆದುಕೊಡಿ. ಕಾಲೇಜಿನ ಮರ್ಯಾದೆ ಉಳಿಯುತ್ತೆ, ನಿಮ್ಮದೂ ಉಳಿಯುತ್ತೆ."

"ಸಹಿ ನಂದು ಸಾರ್. ಸುಳ್ಳೂ ನಂದೇ. ಮಕ್ಕಳ ತಲೆಗೆ ಕಟ್ಟಲ್ಲ."

ಮನೆಗೆ ಹೋಗಿ ಅವರು ಇಲಾಖೆಗೆ ಪತ್ರ ಬರೆದರು. ಅಭ್ಯಾಸವೇ ನಡೆದಿಲ್ಲ, ವಿದ್ಯಾರ್ಥಿಗಳದು ತಪ್ಪಿಲ್ಲ, ಶಿಕ್ಷೆ ತನಗೆ ಕೊಡಿ ಎಂದಿತ್ತು. ಪತ್ನಿ ಓದಿ, "ಎಲ್ಲಾ ಸರಿ. ಯಾಕೆ ಸಹಿ ಹಾಕಿದ್ರಿ ಅಂತ ಮಾತ್ರ ಬರೆದಿಲ್ಲ ನೀವು" ಎಂದರು. ಮೇಷ್ಟ್ರು ಪತ್ರವನ್ನು ವಾಪಸು ತೆಗೆದುಕೊಂಡು, ಕೊನೆಗೆ ಒಂದು ಸಾಲು ಸೇರಿಸಿದರು: 'ದೊಡ್ಡವರ ಎದುರು ಆಗುವುದಿಲ್ಲವೆನ್ನಲು ನನಗೆ ಸಂಕೋಚವಾಯಿತು.'

ಇಲಾಖೆ ಕಾಲೇಜಿನ ಮಾನ್ಯತೆಯನ್ನು ತಡೆಹಿಡಿದು, ವಿದ್ಯಾರ್ಥಿಗಳಿಗೆ ಠಾಣೆಯಲ್ಲೇ ಏಣಿ ಅಭ್ಯಾಸದ ಗಂಟೆಗಳನ್ನು ಪೂರೈಸುವ ಅವಕಾಶ ಕೊಟ್ಟಿತು. ಏಳು ತಿಂಗಳು ಒಂದು ಭಾನುವಾರವೂ ತಪ್ಪದೆ ಮೇಷ್ಟ್ರು ತಮ್ಮ ಹಳೆಯ ಠಾಣೆಯ ಅಂಗಳದಲ್ಲಿ ನಿಂತು, ನೋಯುವ ಮಂಡಿಗೆ ಪಟ್ಟಿ ಸುತ್ತಿಕೊಂಡು ತಾವೇ ಮೊದಲು ಏಣಿ ಹತ್ತಿ ಅಭ್ಯಾಸ ಮಾಡಿಸಿದರು. ಇಪ್ಪತ್ತಾರು ಮಂದಿ ಮುಗಿಸಿ ಕೆಲಸಕ್ಕೆ ಸೇರಿದರು. ಐವರು ಕಾಯಲಾಗದೆ ಬೇರೆ ದಾರಿ ಹಿಡಿದರು. ಆ ಐವರ ಮಾತು ಬಂದಾಗ ಮೇಷ್ಟ್ರ ದನಿ ಇಂದಿಗೂ ಕುಗ್ಗುತ್ತದೆ.

ಕಾಲೇಜು ಮಾಡಿದ್ದೇನು? ಮಾನ್ಯತೆ ಬೇಕಾಗಿ ಕೊನೆಗೆ ಟವರ್ ಕಟ್ಟಿಸಿತು. ಅದರ ಫಲಕದಲ್ಲಿ 'ದೂರದೃಷ್ಟಿಯ ಫಲ' ಎಂದು ಪ್ರಾಂಶುಪಾಲರ ಹೆಸರು ಕೆತ್ತಿಸಿತು. ಆ ಇಪ್ಪತ್ತಾರು ಮಂದಿಯ ಚಿತ್ರಗಳನ್ನು ಜಾಹೀರಾತಿಗೆ ಬಳಸಿತು. ಮೇಷ್ಟ್ರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಎರಡು ಸಲವೂ ನಿನ್ನೆ ಮೊನ್ನೆ ಬಂದವರ ಪಾಲಾಯಿತು. ನಿಜ ಹೇಳಿದವರ ಬಾಯಿಗೆ ಬೀಗ ಜಡಿದು, ಅವರ ಬೆವರಿನ ಮೇಲೆ ತಮ್ಮ ಹೆಸರು ಬರೆದುಕೊಂಡವರಿಗೆ ನಾಚಿಕೆಯೆಂಬುದು ಇದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು. ಟವರ್ ಎದ್ದ ವರ್ಷ, ಅಲ್ಲಿಯತನಕ ತಾಯಿಯ ಜೊತೆ ಹೊಲಿಗೆ ಮಾಡಿಕೊಂಡಿದ್ದ ಆ ಹುಡುಗಿ ಬಂದು ಸೇರಿದಳು. ಈಗ ಆಕೆ ಠಾಣೆಯೊಂದರಲ್ಲಿ ಒಂಬತ್ತು ಜನರ ತಂಡವನ್ನು ನಡೆಸುತ್ತಾರೆ.

ಬರುವ ತಿಂಗಳಿನಿಂದ ಆ ಠಾಣೆಯ ಮುಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಮೇಷ್ಟ್ರು ಕೂರಲಿದ್ದಾರೆ. ಪೊಲೀಸೋ ಅಗ್ನಿಶಾಮಕವೋ, ಯಾವ ಕಾಲೇಜಿನಲ್ಲಿ ಏನಿದೆ, ಏನಿಲ್ಲವೆಂದು ಕೇಳಿ ಬಂದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳುವುದು ಅವರ ಹೊಸ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವರ ಮಂಡಿಗಳಿಗೆ ಬಲ ಬರಲಿ, ಪತ್ನಿಯ ನೇರ ಮಾತು ಸದಾ ಜೊತೆಗಿರಲಿ, ನೂರು ಕಾಲ ಬಾಳಲಿ. ಬದುಕಿನುದ್ದಕ್ಕೂ ಬೆಂಕಿ ಆರಿಸಿದ ಹಿರಿಯರಿಗೆ ಸುಳ್ಳಿನ ಮೇಲಿರುವ ಸಿಟ್ಟು ಮಾತ್ರ ಎಂದೂ ಆರದಿರಲಿ.