ಒಂಬತ್ತು ಹಿಡಿಯದ ತಪ್ಪು

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸೀಸೆ ಜೋಡಿಸಿದವನನ್ನು ಎಲ್ಲರೂ ಶೇಷಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಬೇರೆ. ಇದು ಭಾಗಾಕಾರದ ಹುಚ್ಚಿಗೆ ಅಂಟಿಕೊಂಡದ್ದು. ರೋಗಿಯ ಸಂಖ್ಯೆ ಎಂಟು ಅಂಕಿಯದು. ಸೀಸೆಯ ಮೇಲಿನದನ್ನೂ ಡಾಕ್ಟರ ಚೀಟಿಯದನ್ನೂ ಒಂದೊಂದೇ ಅಂಕಿ ಓದಿ ತಾಳೆ ನೋಡಬೇಕೆಂದು ನಿಯಮ. ಇವನೆಲ್ಲಿ ಓದುತ್ತಾನೆ! ಅಂಕಿಗಳನ್ನು ಕೂಡುವುದು, ಒಂಬತ್ತರಿಂದ ಭಾಗಿಸುವುದು, ಎರಡೂ ಕಡೆ ಒಂದೇ ಶೇಷ ಬಂದರೆ ಚೀಟಿ ಅಂಟಿಸುವುದು. “ಕಣ್ಣು ಮೋಸ ಮಾಡುತ್ತೆ ಕಣ್ರೀ, ಒಂಬತ್ತು ಮಾಡಲ್ಲ” ಎಂದು ಮೀಸೆ ತಿರುವುತ್ತಿದ್ದ.

ಅಕ್ಕನ ಎದೆಯ ಗಂಟಿನ ಚೂರು ಬಂದ ದಿನವೂ ಹಾಗೇ ಮಾಡಿದ. ಸಂಖ್ಯೆ 48173526, ಮೊತ್ತ ಮೂವತ್ತಾರು, ಶೇಷ ಸೊನ್ನೆ. ವರದಿ ಬಂತು: ಹೆದರುವಂಥದ್ದೇನೂ ಇಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದ ಅಕ್ಕ; ಖುಷಿಗೆ ಅತ್ತೇಬಿಟ್ಟ.

ಏಳು ತಿಂಗಳಲ್ಲಿ ರೋಗ ಮೂಳೆಗಿಳಿಯಿತು. ಡಾಕ್ಟರು ಕೈಚೆಲ್ಲಿದರು. ಶೇಷಣ್ಣ ಹಳೆಯ ರಿಜಿಸ್ಟರು ತೆಗೆದ. ಅದೇ ಬೆಳಿಗ್ಗೆ ಇನ್ನೊಂದು ಸೀಸೆ ಬಂದಿತ್ತು: 48137526. ಏಳು, ಮೂರು ಅದಲುಬದಲು, ಅಷ್ಟೇ. ಒಬ್ಬರ ಚೀಟಿಯನ್ನು ಇನ್ನೊಬ್ಬರ ಸೀಸೆಗೆ ಅಂಟಿಸಿದ್ದ. ಕಳೆದು ನೋಡಿದ: ಮೂವತ್ತಾರು ಸಾವಿರ, ಒಂಬತ್ತಕ್ಕೆ ನಿಶ್ಶೇಷ. ಅಂಕಿಗಳು ಹೇಗೆ ಜಾಗ ಬದಲಿಸಿದರೂ ಮೊತ್ತ ಕದಲುವುದಿಲ್ಲ, ಒಂಬತ್ತಕ್ಕೆ ಅದು ಕಾಣುವುದೇ ಇಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಹನ್ನೊಂದರಿಂದ ಭಾಗಿಸಿದ್ದರೆ ಒಂದಕ್ಕೆ ಐದು, ಇನ್ನೊಂದಕ್ಕೆ ಎಂಟು ಉಳಿದು ತಪ್ಪು ಸಿಕ್ಕಿಬೀಳುತ್ತಿತ್ತು. ಅರ್ಧ ನಿಮಿಷ ಹೆಚ್ಚಿಗೆ ಹಿಡಿಯುತ್ತದೆಂದು ಬಿಟ್ಟಿದ್ದ.

ಅಕ್ಕನ ಹಾಸಿಗೆಯ ಪಕ್ಕ ಕೂತು ಎಲ್ಲ ಒಪ್ಪಿಕೊಂಡ. “ನಿನ್ನ ನಾನೇ ಕೊಂದೆ ಅಕ್ಕ.”

ಅವಳು ಅವನತ್ತ ಹೊರಳಿದಳು.

“ನನ್ನದು ಬಿಡೋ. ನನ್ನ ರಿಪೋರ್ಟು ಯಾರಿಗೆ ಹೋಯ್ತು? ಆಕೆನ ಏನು ಮಾಡಿದ್ರು?”

ಅಯ್ಯೋ, ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

ರಿಜಿಸ್ಟರಿನಲ್ಲಿದ್ದ ವಿಳಾಸ ಹಿಡಿದು ಹೋದ. ಬಾಗಿಲು ತೆರೆದವಳು ಬಟ್ಟೆ ಹೊಲಿಯುವವಳು, ಮೂವತ್ತರ ಆಸುಪಾಸು. ತಲೆಯಲ್ಲಿ ಕೂದಲು ಈಗಷ್ಟೇ ಮೊಳೆಯುತ್ತಿತ್ತು. ಅಂಗಿಯ ಎಡಭಾಗ ಚಪ್ಪಟೆಯಾಗಿತ್ತು. ಲ್ಯಾಬಿನವನು ಎಂದದ್ದೇ ತಡ, ಯಂತ್ರದ ಮುಂದಿನ ಕುರ್ಚಿ ಎಳೆದು ಕೂರಿಸಿದಳು.

“ನೀವು ಬೇಗ ಕಂಡುಹಿಡಿದ್ರಿ ಅಣ್ಣ, ಅದಕ್ಕೇ ಬದುಕಿದೀನಿ. ನನಗೆ ಇಬ್ಬರು ಚಿಕ್ಕ ಮಕ್ಕಳು. ನಿಮ್ಮನ್ನ ನಾನು ಮರೆಯಲ್ಲ” ಎಂದು ಅವನ ಎರಡೂ ಕೈ ಹಿಡಿದುಕೊಂಡಳು.

ಅವನು ಹೇಳಿದ. ಹೇಳಿ ಮುಗಿಸುವವರೆಗೂ ಅವಳು ಆ ಕೈಗಳನ್ನು ಬಿಡಲಿಲ್ಲ. ಆಮೇಲೆ ಬಿಟ್ಟಳು.