ಹಾಳೆಯಲ್ಲಿ ಇಲ್ಲದ ಪ್ರಶ್ನೆ

ರಾಜೀನಾಮೆ ಕೊಟ್ಟ ಸುದ್ದಿಯನ್ನು ಅಪ್ಪನಿಗೆ ಕಾಗದದಲ್ಲಿ ಬರೆದದ್ದು ನಾನು ಮಾಡಿದ ಮೊದಲ ತಪ್ಪು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವನು ಔರಂಗಾಬಾದಿನ ಧಾನ್ಯದ ಪೇಟೆಯಲ್ಲಿ, ಅಲ್ಲಿಯವರು ಮೊಂಢಾ ಎನ್ನುವ ಜಾಗದಲ್ಲಿ, ಮೂಟೆ ಹೊರುವ ಹಮಾಲ. ಈಗ ಆ ಊರು ಛತ್ರಪತಿ ಸಂಭಾಜಿನಗರ. ನಾನು ನಾಲ್ಕನೆಯ ತರಗತಿ ಮುಗಿಸಿದ ವರ್ಷ ನಾವು ಬೀದರ ಕಡೆಯಿಂದ ಅಲ್ಲಿಗೆ ಹೋದಾಗ ಔರಂಗಾಬಾದೇ ಆಗಿತ್ತು. ಅಪ್ಪನ ಕಾಗದಗಳನ್ನೆಲ್ಲ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ ಓದಿ ಹೇಳುತ್ತಿದ್ದ. ಅದಕ್ಕೆಂದೇ ನಾನು ಮರಾಠಿಯಲ್ಲಿ ಬರೆಯುತ್ತಿದ್ದೆ. ಈ ಕಾಗದವನ್ನೂ ಅವನೇ ಓದಿದ, ಸುತ್ತ ಕೂತ ಹಮಾಲರಿಗೆಲ್ಲ ಕೇಳುವ ಹಾಗೆ. ಆಫೀಸಿನ ಕೆಲಸ ಬಿಡುತ್ತಿದ್ದೇನೆ, ಊರಿಗೆ ಹೋಗುವವರ ನಾಯಿಗಳನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಉದ್ಯೋಗ ಹಿಡಿಯುತ್ತೇನೆ ಎಂದು ಅದರಲ್ಲಿತ್ತು.

ಅದೇ ಜನರಿಗೆ ಅಪ್ಪ ನನ್ನ ಪದವಿಯ ಪೇಢೆ ಹಂಚಿದ್ದ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವರೇ ಇರಲಿಲ್ಲ. ನಾನು ಬಿ.ಕಾಂ. ಪಾಸಾದ ವರ್ಷ ಅವನು ನನ್ನನ್ನು ಫೋಟೋ ಸ್ಟುಡಿಯೋಗೆ ಕರೆದೊಯ್ದು, ಅವರದೇ ಬಾಡಿಗೆಯ ಕರಿ ನಿಲುವಂಗಿ ತೊಡಿಸಿ ಫೋಟೋ ಹೊಡೆಸಿದ. ಅದನ್ನು ದೇವರ ಗೂಡಿನ ಪಕ್ಕ ತೂಗುಹಾಕಿದ. ಅವನು ನನಗಾಗಿ ಬಯಸಿದ್ದು ಒಂದೇ: ಬೆನ್ನ ಮೇಲೆ ಭಾರ ಇರಬಾರದು, ಕೆಳಗೆ ಖುರ್ಚಿ ಇರಬೇಕು. ಆ ಖುರ್ಚಿ ಸಿಕ್ಕಿತ್ತು ಕೂಡ. ನಾಸಿಕದ ಸಾತಪುರದ ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ಟೈಪಿಸ್ಟ್ ಆಗಿದ್ದೆ. ಕೆಲಸದಲ್ಲಿ ತೊಂದರೆ ಏನೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಬೇರೆಯವರು ಹೇಳಿದ್ದನ್ನು ಹೊಡೆದು ಹೊಡೆದು, ಸಂಜೆ ಮನೆಗೆ ಬಂದಾಗ ಇವತ್ತು ನಾನು ಏನು ಮಾಡಿದೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತಿರಲಿಲ್ಲ, ಅಷ್ಟೇ.

ಮನೆ ಇದ್ದದ್ದು ನಾಸಿಕ್ ರೋಡಿನಲ್ಲಿ. ಸುತ್ತಲೂ ವರ್ಗವಾಗಿ ಬಂದ ಬ್ಯಾಂಕಿನವರು, ಸರ್ಕಾರಿ ನೌಕರರು. ಅರ್ಧಕ್ಕರ್ಧ ನಮ್ಮ ಕಡೆಯವರೇ. ಮದುವೆಗೆಂದೋ ದೀಪಾವಳಿಗೆಂದೋ ಊರಿಗೆ ಹೊರಟರೆ ಮನೆಯ ಬೀಗದ ಕೈ ಪಕ್ಕದವರಿಗೆ ಕೊಡಬಹುದು, ನಾಯಿಯನ್ನು ಯಾರಿಗೆ ಕೊಡುವುದು? ಒಂದು ಬೇಸಿಗೆ ಮಹಡಿಯವರ ಪಾಮರೇನಿಯನ್ ನಾಯಿ ನಮ್ಮಲ್ಲಿ ಹದಿನೈದು ದಿನ ಇತ್ತು. ಅದು ತಿರುಗಿ ಹೋದ ಮೇಲೆ ಮನೆ ಖಾಲಿ ಅನ್ನಿಸಿತು. ಇದನ್ನೇ ಉದ್ಯೋಗ ಮಾಡಿಕೊಂಡರೆ ಎಂಬ ಯೋಚನೆ ಅಲ್ಲಿಂದ ಹುಟ್ಟಿದ್ದು.

ಓದಿದವಳು ಮಾಡುವ ಕೆಲಸ ಓದಿದವಳ ಹಾಗೇ ಇರಬೇಕಲ್ಲ. ಮನೆಯಲ್ಲಿ ಒಂದು ಹಳೆಯ ಟೈಪ್‌ರೈಟರ್ ಇತ್ತು. ಕಾರ್ಬನ್ ಇಟ್ಟು ಒಂದು ಹಾಳೆ ತಯಾರಿಸಿದೆ, ಹದಿನಾಲ್ಕು ಪ್ರಶ್ನೆ. ಏನು ತಿನ್ನುತ್ತದೆ, ಎಷ್ಟು ಸಲ, ಪಟಾಕಿಗೆ ಹೆದರುತ್ತದೆಯೆ, ಯಾವ ಸೂಜಿ ಹಾಕಿಸಿದೆ, ಎಲ್ಲ. ನಾಯಿ ಬಿಟ್ಟುಹೋಗುವವರು ತುಂಬಿಕೊಡಬೇಕು. ಆ ಹಾಳೆಯ ಮೇಲೆ ನನಗೆ ಬಹಳ ಹೆಮ್ಮೆ.

ಕಾರ್ಖಾನೆಯ ಸಾಹೇಬರು ರಾಜೀನಾಮೆಯನ್ನು ಮೇಲೆ ಕಳಿಸದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. "ತಿಂಗಳ ಕೊನೆಯವರೆಗೆ ಇಲ್ಲೇ ಇರುತ್ತದೆ ತಾಯಿ. ಮನಸ್ಸು ಬದಲಾದರೆ ಬಂದು ಹರಿದು ಹಾಕಿ" ಎಂದು ಮರಾಠಿಯಲ್ಲಿ ಹೇಳಿದರು. ಉಳಿದಿದ್ದ ರಜೆ ಹಾಕಿ ಮನೆಗೆ ಬಂದೆ. ಮೊದಲ ಗಿರಾಕಿಯೂ ಸಿಕ್ಕಿದರು: ಕಲಬುರ್ಗಿ ಕಡೆಯ ಬ್ಯಾಂಕಿನ ಅಧಿಕಾರಿಯ ಕುಟುಂಬ. ಹಳ್ಳಿಯಲ್ಲಿ ಮದುವೆ, ಹತ್ತು ದಿನ ಇರುವುದಿಲ್ಲ. ಮನೆಯಾಕೆ ಹಾಳೆಯನ್ನು ನೀಟಾಗಿ ತುಂಬಿಕೊಟ್ಟು, "ಭಾಳ ಶಾಣೇ ನಾಯಿ ಅದರಿ ಅಕ್ಕಾರ, ನಿಮಗೇನೂ ತ್ರಾಸ ಕೊಡಂಗಿಲ್ಲ. ಹಾಲು ರೊಟ್ಟಿ ಹಾಕಿದ್ರ ಆಯ್ತು" ಎಂದು ಹೇಳಿ ಹೋದರು.

ಶಾಣೇ ನಾಯಿ ಮೊದಲ ದಿನ ಉಣ್ಣಲಿಲ್ಲ. ಹೊಸ ಜಾಗ, ಇರಲಿ ಎಂದುಕೊಂಡೆ. ಎರಡನೆಯ ದಿನವೂ ಇಲ್ಲ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಟ್ಟರೆ ಮೂಸಿ ನೋಡಿ ಮಂಚದ ಕೆಳಗೆ ಹೋಗಿ ಮಲಗುತ್ತಿತ್ತು. ನೀರು ಮಾತ್ರ ಕುಡಿಯುತ್ತಿತ್ತು. ಅವರ ಹಳ್ಳಿಯಲ್ಲಿ ಫೋನ್ ಇರಲಿಲ್ಲ. ಮೂರನೆಯ ದಿನ ರಿಕ್ಷಾ ಮಾಡಿಕೊಂಡು ದನದ ದವಾಖಾನೆಗೆ ಒಯ್ದೆ. ಜ್ವರ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದೆ, ನಾಳೆಯೂ ತಿನ್ನದಿದ್ದರೆ ಸಲಾಯಿನ್ ಏರಿಸೋಣ ಎಂದರು ಡಾಕ್ಟರು. ಹಾಳೆ ತೆಗೆದು ಹದಿನಾಲ್ಕು ಉತ್ತರಗಳನ್ನೂ ಮತ್ತೆ ಮತ್ತೆ ಓದಿದೆ. ಎಲ್ಲವನ್ನೂ ಬರೆದ ಹಾಗೇ ಮಾಡಿದ್ದೆ. ನನ್ನ ಯಜಮಾನರು ಶಿಫ್ಟ್ ಮುಗಿಸಿ ಬಂದು ಮಂಚದ ಕೆಳಗೆ ಬಗ್ಗಿ ನೋಡಿ, "ನಿನ್ನ ಗಿರಾಕಿ ಸತ್ಯಾಗ್ರಹ ಮುಂದುವರಿಸ್ಯಾನಲ್ಲ" ಎಂದರು. ನನಗೆ ನಗು ಬರಲಿಲ್ಲ. ತಿಂಗಳು ಮುಗಿಯಲು ಎರಡೇ ದಿನ ಉಳಿದಿತ್ತು.

ಅದೇ ಸಂಜೆ ಅಪ್ಪ ಬಂದ. ಔರಂಗಾಬಾದಿನಿಂದ ಯೇವಲಾ ಊರಿನ ಮೇಲೆ ಹಾಯ್ದು ಬರುವ ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದನಂತೆ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಮುನೀಮ ಓದ್ದ. ಎಲ್ಲಾರೂ ಕೇಳಿದ್ರು" ಎಂದ.

"ಅಪ್ಪಾ, ಅದು ಹಂಗಲ್ಲ..."

"ಹೆಂಗೂ ಇರ್ಲಿ. ನಾ ಮೂವತ್ತು ವರ್ಷ ಚೀಲ ಹೊತ್ತಿದ್ದು ನೀ ಮಂದಿ ನಾಯೀದು ಹೇಲು ಬಳೀಲಾಕೇನವ್ವಾ? ಅದಕ್ಕ ಬಿ.ಕಾಂ. ಬೇಕಾಗಿತ್ತೇನು?"

"ಆಫೀಸಿನ್ಯಾಗ ಎಂಟು ವರ್ಷ ಕೂತೀನಪ್ಪಾ. ಕೂತೇ ಕೂತೀನಿ."

"ಕೂಡ್ಲಾಕೇ ಓದ್ಸಿದ್ದು ನಿನಗ!"

ಅಷ್ಟರಲ್ಲಿ ಅವನ ಕಣ್ಣು ತುಂಬಿದ ಬಟ್ಟಲಿನ ಮೇಲೆ ಬಿತ್ತು. ಮೂರು ದಿನದ ಕಥೆಯನ್ನೂ ಸಾಹೇಬರ ಖಾನೆಯಲ್ಲಿದ್ದ ರಾಜೀನಾಮೆಯ ವಿಷಯವನ್ನೂ ಯಜಮಾನರು ಹೇಳಿಬಿಟ್ಟರು. "ನೋಡು, ಅದಕ್ಕೂ ನಿನ್ನ ಧಂದಾ ಪಸಂದ ಬಂದಿಲ್ಲ" ಎಂದ ಅಪ್ಪ. "ನಾಡದು ತಿಂಗಳ ಆಖರಿ ಅಲ್ಲೇನು? ನಾಳಿಗಿ ಹೋಗು, ಆ ಕಾಗದ ಹರದು ಬಾ." ನಾನು ಹೂಂ ಎನ್ನಲಿಲ್ಲ. ಆದರೆ ಒಳಗೆ ಹೂಂ ಅಂದುಕೊಂಡಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಂದು ನಾಯಿಗೆ ಒಂದು ರೊಟ್ಟಿ ತಿನ್ನಿಸಲಾರದವಳು ಯಾವ ಉದ್ಯೋಗ ಮಾಡುತ್ತಾಳೆ?

ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತ. ಎಲ್ಲಿಗೆ ಹೋದರೂ ಲಿಂಗಪೂಜೆ ತಪ್ಪಿಸಿದವನಲ್ಲ. ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡ. ಚೀಲದಿಂದ ಬೆರಳುದ್ದದ ಹಿತ್ತಾಳೆ ಗಂಟೆ ತೆಗೆದು ಬಾರಿಸಿದ.

ಮಂಚದ ಕೆಳಗೆ ಉಗುರಿನ ಸದ್ದಾಯಿತು. ನಾಯಿ ಹೊರಗೆ ಬಂತು. ಮೈ ಕೊಡವಿ, ನೆಟ್ಟಗೆ ಪಡಸಾಲೆಗೆ ಹೋಗಿ, ಅಪ್ಪನಿಂದ ಒಂದು ಮೊಳ ದೂರದಲ್ಲಿ ಮುಂಗಾಲು ಜೋಡಿಸಿ ಕೂತಿತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪನ ಕಣ್ಣು ಅಂಗೈಯ ಮೇಲೆಯೇ ಇತ್ತು. ಪೂಜೆ ಮುಗಿಸಿ ತಲೆ ಎತ್ತಿದವನು, "ಹಚ್ಯಾ!" ಎಂದ. ನಾಯಿ ಕದಲಲಿಲ್ಲ. ಅವನ ಬಲಗೈಯನ್ನೇ ನೋಡುತ್ತಿತ್ತು.

"ಇದೇನಿದು, ಪ್ರಸಾದ ಕೇಳ್ಲಾಕತ್ತದ ಏನು?"

ಕೇಳಿದ್ದು ನನ್ನನ್ನೋ ನಾಯಿಯನ್ನೋ ಗೊತ್ತಿಲ್ಲ. ಲಿಂಗದ ಮುಂದೆ ತೋರಿಸಿದ ಕಲ್ಲುಸಕ್ಕರೆಯಲ್ಲಿ ಒಂದು ಹರಳನ್ನು ಅದರ ಮುಂದೆ ಹಾಕಿದ. ಅದು ಕಟುಂ ಎಂದು ಕಡಿದು ತಿಂದಿತು. ತಿಂದು, ಎದ್ದು ತಾನೇ ತನ್ನ ಬಟ್ಟಲಿನ ಹತ್ತಿರ ಹೋಗಿ ನಿಂತು ನನ್ನ ಕಡೆ ತಿರುಗಿ ನೋಡಿತು. ಬಿಸಿ ರೊಟ್ಟಿ ಮುರಿದು ಹಾಲಿಗೆ ಹಾಕಿದೆ. ಬಟ್ಟಲು ನೆಕ್ಕಿ ಮತ್ತೂ ಕೇಳಿತು. ಮೂರು ರೊಟ್ಟಿ ಹೋದವು.

ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದದ್ದು ನನಗೆ ಗೊತ್ತಿತ್ತು. ಆಕೆಯ ಪೂಜೆ ಆಗದೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಮರಿ ಇದ್ದಾಗಿನಿಂದ ನಾಯಿಯೂ ಹಾಗೇ ಎಂದು ಅವರು ತಿರುಗಿ ಬಂದ ಮೇಲೆ ತಿಳಿಯಿತು. ನಾಯಿ ಉಸಿರಾಡುತ್ತದೆ ಎಂದು ಯಾರಾದರೂ ಬರೆದುಕೊಡುತ್ತಾರೆಯೆ? ಅವರಿಗೆ ಅದು ಹಾಗೆ. ಕೇಳಬೇಕಾದವಳು ನಾನು. ನನಗೆ ಹೊಳೆಯದೆ ಇದ್ದದ್ದಕ್ಕೆ ಕಾರಣವೂ ಇತ್ತು: ಏಳು ಗಂಟೆಯ ಕಂಪನಿ ಬಸ್ಸು ಹಿಡಿಯುವ ಅವಸರದಲ್ಲಿ ನನ್ನ ಮನೆಯಲ್ಲಿ ಪೂಜೆ ನಿಂತು ಎಂಟು ವರ್ಷವಾಗಿತ್ತು. ನನ್ನ ಲಿಂಗ ಕಪಾಟಿನಲ್ಲಿ ಇತ್ತು.

ಅಪ್ಪ ಗೋಡೆಗೆ ಒರಗಿ, ಹೊಟ್ಟೆ ತುಂಬಿ ಬಿದ್ದುಕೊಂಡ ನಾಯಿಯನ್ನು ನೋಡಿದ. ಚಹಾ ಕೇಳಿ ಕುಡಿದ. ನಂತರ, "ಆ ನಿನ್ನ ಹಾಳಿ ಎಲ್ಲಿ ಅದ?" ಎಂದ. ತಂದು ಕೊಟ್ಟೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿ ತಿರುಗಿ ಕೊಟ್ಟ.

"ಇದರಾಗ ಬರಿ. ಮನ್ಯಾಗ ಪೂಜಿ ಯಾರು ಮಾಡ್ತಾರ, ಎಷ್ಟೊತ್ತಿಗಿ ಮಾಡ್ತಾರ."

ಟೈಪ್‌ರೈಟರ್ ಎದುರು ಕೂತು ಇಂಗ್ಲಿಷಿನಲ್ಲಿ ಹೊಡೆದೆ, ಕನ್ನಡದಲ್ಲಿ ಓದಿ ಹೇಳಿದೆ. "ಉಣ್ಣೂಕಿನ ಮೊದಲ ಮತ್ತೇನಾದ್ರೂ ಪದ್ಧತಿ ಅದಾವೇನು, ಅದೂ ಹಾಕು" ಎಂದ. ಅದನ್ನೂ ಹಾಕಿದೆ. ಎಂಟು ವರ್ಷ ಎಷ್ಟೋ ಸಾಹೇಬರು ಹೇಳಿದ್ದನ್ನು ಹೊಡೆದಿದ್ದೆ. ಅಪ್ಪ ಹೇಳಿದ್ದನ್ನು ಹೊಡೆದದ್ದು ಅದೇ ಮೊದಲು.

"ಹಂಗಾದ್ರ ನಾ ಆಫೀಸಿಗಿ ಹೋಗಬೇಕೇನಪ್ಪಾ?" ಎಂದು ಕೇಳಿದೆ.

"ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ" ಎಂದ. ಹೋಗು ಎಂದೂ ಹೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟ. ಮೊಂಢಾದಲ್ಲಿ ಮುನೀಮ ಕೇಳಿದ್ದಕ್ಕೆ, ಮಗಳದು ಸ್ವಂತ ಆಫೀಸ ಅದ, ಟೈಪಿಂಗ್ ಮಷೀನ ಅದ ಎಂದನಂತೆ. ನಾಯಿಯ ವಿಷಯ ಸಾಯುವವರೆಗೂ ಅಲ್ಲಿ ಯಾರ ಮುಂದೆಯೂ ಆಡಲಿಲ್ಲ ಎಂದು ಕೇಳಿದ್ದೇನೆ. ಅದಕ್ಕೆ ನನಗೆ ಸಿಟ್ಟಿಲ್ಲ.

ಹೋಗುವಾಗ ಗಂಟೆ ಬಿಟ್ಟುಹೋಗಿದ್ದ. ಮರೆತು ಬಿಟ್ಟವನಲ್ಲ, ನೀರಿನ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದ.

ತಿಂಗಳ ಕೊನೆಯ ದಿನ ಏಳಕ್ಕೆ ಕಂಪನಿ ಬಸ್ಸು ಎಂದಿನಂತೆ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯಿತು. ಆಗ ನಾನು ಕಂಬಳಿಯ ಮೇಲೆ ಕೂತು ಕಪಾಟಿನಿಂದ ತೆಗೆದ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದೆ. ಕ್ರಮ ಅರ್ಧ ಮರೆತುಹೋಗಿತ್ತು. ವಿಭೂತಿ ಮೊದಲೋ ನೀರು ಮೊದಲೋ ಎಂದು ತಡವರಿಸಿದೆ. ಎದುರಿಗೆ ಮುಂಗಾಲು ಜೋಡಿಸಿ ಕೂತವನಿಗೆ ಅದರ ಚಿಂತೆ ಇರಲಿಲ್ಲ. ಬಸ್ಸಿನ ಸದ್ದು ಸಾತಪುರದ ಕಡೆ ಹೋಯಿತು. ನಾನು ಗಂಟೆ ಬಾರಿಸಿದೆ.