ಅಕ್ಕನ ವಿಭೂತಿ, ನನ್ನ ಕರೆಂಟ್ ಕಾರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಫೀಸಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಈ ಸಿಟ್ಟು ತೋರಿಸಬೇಕಾದವರ ಮುಂದೆ ಬಾಲ ಮುದುರಿಕೊಂಡು, ತೋರಿಸಬಾರದವಳ ಮೇಲೆ ಹಾರಿತಲ್ಲ, ಆ ದಿನವನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ತೋರಿಸಬಾರದವಳು ನನ್ನ ಅಕ್ಕ, ಪುಟ್ಟಸಿದ್ದಮ್ಮ. ತೆರಕಣಾಂಬಿಯಲ್ಲಿ ನಮ್ಮಪ್ಪ ಗುರುಮಲ್ಲಯ್ಯ ಹಾಕಿದ ಹಿಟ್ಟಿನ ಮಿಷನ್ನನ್ನು ಮೂವತ್ತು ವರ್ಷದಿಂದ ನಡೆಸುತ್ತಿರುವವಳು ಅವಳೇ. ಗಂಡ ತೀರಿಕೊಂಡು ಉಡಿಗಾಲದಿಂದ ತವರಿಗೆ ಬಂದ ಎರಡನೇ ವರ್ಷಕ್ಕೆ ಅಪ್ಪನೂ ಹೋದರು. ನಾನಿನ್ನೂ ಹೈಸ್ಕೂಲು. ಹೆಂಗಸು ಮಿಷನ್ ನಡೆಸುವುದುಂಟೇ ಎಂದು ನೆಂಟರೆಲ್ಲ ಬಾಯಿ ಮಾಡಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಸ್ವಿಚ್ ಒತ್ತಿದಳು. ನನ್ನ ಓದು, ಕೆಲಸ, ಮದುವೆ ಎಲ್ಲವೂ ಆ ಮಿಷನ್ನಿನಿಂದ ಉದುರಿದ ಹಿಟ್ಟಿನಿಂದಲೇ ಆದದ್ದು.

ಅವಳ ಕಿವಿಯದೇ ಒಂದು ಕತೆ. ಮಿಷನ್ ಓಡುತ್ತಿರುವಾಗ ಹೆಂಗಸರ ಜೊತೆ ಹರಟೆ ಹೊಡೆಯುತ್ತಲೇ ಇರುತ್ತಾಳೆ, ಮಧ್ಯೆ ತಟ್ಟನೆ ಎದ್ದು ಆಫ್ ಮಾಡುತ್ತಾಳೆ. ನೋಡಿದರೆ ಬೆಲ್ಟು ಹರಿಯುವುದಕ್ಕೆ ಒಂದೆಳೆ ಬಾಕಿ ಇರುತ್ತದೆ. ಒಮ್ಮೆ ಲೈನ್‌ಮನ್ ದೊಡ್ಡಯ್ಯ ಮೋಟಾರು ಮುಟ್ಟಿ ನೋಡಿ, "ಗುಂಡುಕಲ್ಲಂಗದ ಬುಡಕ್ಕ" ಅಂದ. "ನಾಳೆ ಬೈಗಿಗ ನಿಲ್ತದ ಕಣಪ್ಪ" ಅಂದಳು ಅಕ್ಕ. ಮಾರನೆಯ ಸಂಜೆ ನಿಂತಿತು. ಅಲ್ಲಿಂದ ಪಂಪ್‌ಸೆಟ್ ತಕರಾರು ಮಾಡಿದರೂ ಊರಿನವರು ಮೊದಲು ಅಕ್ಕನನ್ನು ಕರೆದು ಅದರ ಸದ್ದು ಕೇಳಿಸುತ್ತಾರೆ.

ಇನ್ನೊಂದು ಅವಳ ವಿಭೂತಿ. ಸೋಮವಾರ ಸ್ನಾನ ಮಾಡಿ, ಗಟ್ಟಿ ತೇಯ್ದು, ಮಿಷನ್ನಿನಲ್ಲಿ ರಾಗಿ ಸುರಿಯುವ ಬಾಯಿಗೆ ಮೂರು ಬೆರಳಿನ ಗೆರೆ ಎಳೆದ ಮೇಲೆಯೇ ಕೆಲಸ ಶುರು. ಮಿಕ್ಸಿಯಾದರೆ ಜಾರಿನ ಮುಚ್ಚಳಕ್ಕೆ. ನನ್ನ ಬೈಕಿಗೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೇ. "ಅದು ಎಲ್ಲಿ ಉಣ್ತದೋ ಅಲ್ಲಿಗ ಇಕ್ಬೇಕು ಕಣ್ಲಾ. ಉಣ್ಣೋ ಬಾಯಿ ಸರಿಯಾಗಿದ್ರ ಮಿಕ್ಕದ್ದೆಲ್ಲ ಸರಿಯಾಗಿರ್ತದ" ಅನ್ನುತ್ತಾಳೆ.

ನಾನಿರುವುದು ಗುಂಡ್ಲುಪೇಟೆ, ಕೆಲಸ ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ದಿನಾ ಓಡಾಟ. ಹೋದ ವರ್ಷ ಹೆಂಡತಿ ಸುಧಾಮಣಿಯೂ ನಾನೂ ಲೆಕ್ಕ ಹಾಕಿ ಒಂದು ಕರೆಂಟ್ ಕಾರು ತೆಗೆದುಕೊಂಡೆವು. ಶೋರೂಮಿನವರು ಹಾರ ಹಾಕಿ, ರಟ್ಟಿನ ದೊಡ್ಡ ಬೀಗದ ಕೈ ಹಿಡಿಸಿ, ಫೋಟೋ ತೆಗೆದರು. ಮ್ಯಾನೇಜರ್ ಗುರುಪಾದಸ್ವಾಮಿ, ಹಣೆಯ ಮೇಲೆ ಎದ್ದು ಕಾಣುವ ವಿಭೂತಿ, ಕತ್ತಿಗೆ ಟೈ, "ಇನ್ಮುಂದೆ ನೀವು ನಮ್ಮ ಫ್ಯಾಮಿಲಿ ಸಾರ್" ಅಂದರು. ನಾನು ಉಬ್ಬಿಹೋದೆ.

ಅಲ್ಲಿಂದ ಸೀದಾ ಅಕ್ಕನ ಮಿಷನ್ನಿನ ಮುಂದೆ ಕಾರು ನಿಲ್ಲಿಸಿದೆ. ಅವಳು ಮೈಗೆ ಅಂಟಿದ ಹಿಟ್ಟು ಕೊಡವಿಕೊಂಡು ಬಂದು ಒಂದು ಸುತ್ತು ಹಾಕಿದಳು.

"ಇದು ಎಲ್ಲಿ ಉಣ್ತದ್ಲಾ ಮಲ್ಲು?"

ನಾನು ಜಂಬದಿಂದ ಮುಂದಿನ ಮುಚ್ಚಳ ತೆರೆದು, ಚಾರ್ಜಿಂಗ್ ವಯರು ಸಿಕ್ಕಿಸುವ ಜಾಗ ತೋರಿಸಿದೆ. ಅದಕ್ಕೆ ಒಳಗೆ ಇನ್ನೊಂದು ಕರಿ ಬಿರಡೆ ಇತ್ತು. ಅಕ್ಕ ಅದರ ಮೇಲೆ ಮೂರು ಗೆರೆ ಎಳೆದು ಕೈ ಮುಗಿದಳು. ಸುಧಾಮಣಿ ಫೋಟೋ ತೆಗೆದಳು. "ನಮ್ಮಕ್ಕನ ಆಶೀರ್ವಾದ" ಎಂದು ಬರೆದು ನಾನು ಸ್ಟೇಟಸ್ ಹಾಕಿದೆ.

ಆ ಸಂಜೆ ಅಕ್ಕನೂ ನಮ್ಮ ಜೊತೆ ಗುಂಡ್ಲುಪೇಟೆಗೆ ಬಂದಳು. ಮನೆ ಮುಂದೆ ಕಾರನ್ನು ಚಾರ್ಜಿಗೆ ಹಾಕಿದೆ. ಅಕ್ಕ ಕಾಫಿ ಲೋಟ ಹಿಡಿದವಳು ಹಾಗೇ ನಿಂತು ಕಿವಿಗೊಟ್ಟಳು.

"ಇದ್ರೊಳಗ ಎಲ್ಲೋ ಬೇರಿಂಗ್ ಅಳ್ತಾ ಅದ ಕಣ್ಲಾ."

"ಅಯ್ಯೋ ಅಕ್ಕ, ಇದು ಕಂಪ್ಯೂಟ್ರಿದ್ದಂಗೆ. ಇದ್ರಲ್ಲಿ ಬೇರಿಂಗ್ ಎಲ್ಲಿಂದ ಬರ್ಬೇಕು?" ಎಂದು ನಕ್ಕೆ. ಅವಳೂ ನಕ್ಕು ಕಾಫಿ ಮುಗಿಸಿದಳು.

ಮೂರನೇ ವಾರದಲ್ಲಿ ತಕರಾರು ಶುರುವಾಯಿತು. ಸಂಜೆ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಅರ್ಧವೂ ತುಂಬಿರುತ್ತಿರಲಿಲ್ಲ. ಒಂದು ದಿನ ಉಡಿಗಾಲದ ಹತ್ತಿರ ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಹಿಂದೆ ಅರಿಶಿನದ ಮೂಟೆ ತುಂಬಿದ ಗಾಡಿಯವನು ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. "ಸಾರ್, ಒಂದ್ ಚಟಾಕು ಸೀಮೆಎಣ್ಣೆ ಕುಡ್ಸಿ ನೋಡಿ" ಎಂದು ಯಾರೋ ಕಿಚಾಯಿಸಿದರು. ಕೊನೆಗೆ ಟ್ರಾಕ್ಟರಿಗೆ ಕಟ್ಟಿ ಎಳೆಸಬೇಕಾಯಿತು.

ಶೋರೂಮಿನಲ್ಲಿ "ನಾಳೆ ಬನ್ನಿ" ಅಂದರು. ಈ ಮಾತನ್ನು ಹತ್ತೊಂಬತ್ತು ವರ್ಷ ಕೌಂಟರಿನ ಒಳಗೆ ಕೂತು ಹೇಳಿದವನು ನಾನು. ಹೊರಗೆ ನಿಂತು ಕೇಳಿದಾಗಲೇ ಅದರ ಉರಿ ಗೊತ್ತಾದದ್ದು. ಪಾರ್ಟು ಬಂದಿಲ್ಲ, ಇಂಜಿನಿಯರ್ ರಜಾ, ಸರ್ವರ್ ಇಲ್ಲ. ಮೂಗಿಗೆ ತುಪ್ಪ ಸವರಿ ಸವರಿ ಕಳಿಸಿದರು. ಐದನೇ ಸಲ ಮೇಜು ಕುಟ್ಟಿ, "ಗ್ರಾಹಕರ ಆಯೋಗಕ್ಕೆ ಹೋಗ್ತೀನಿ" ಎಂದು ಕೂಗಾಡಿದೆ. ಗುರುಪಾದಸ್ವಾಮಿ ಮೆಲ್ಲಗೆ ತಮ್ಮ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು. ನನ್ನದೇ ಸ್ಟೇಟಸ್ಸು, ಹಾಕಿದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡದ್ದು.

"ಚಾರ್ಜಿಂಗ್ ಪಾಯಿಂಟಿಗೆ ಹೊರಗಿನ ಪದಾರ್ಥ ಬಿದ್ದಿದೆ ಸಾರ್. ವಾರಂಟಿ ಅಲ್ಲಿಗೆ ಮುಗೀತು. ಯಾರು ಹಚ್ಚಿದ್ದು ಇದನ್ನ?"

"ನಮ್ಮಕ್ಕ" ಅಂದೆ. ಒಂದು ಕ್ಷಣವೂ ತಡೆಯಲಿಲ್ಲ. ತಪ್ಪು ನನ್ನ ತಲೆಯಿಂದ ಜಾರಿತಲ್ಲ ಎಂದು ಒಳಗೊಳಗೇ ಹಗುರವೂ ಆಯಿತು. ನಾಚಿಕೆಗೇಡಿನ ಮಾತು, ಆದರೂ ನಿಜ.

ಚಾರ್ಜರ್ ಪೂರ್ತಿ ಬದಲಾಯಿಸಲು ಆಗುವ ಖರ್ಚು ಕೇಳಿ ನನ್ನ ಕೂಗಾಟ ಇಳಿದುಹೋಯಿತು. ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದವರ ಹಾಗೆ ಒಂದು ದಾರಿ ಹೇಳಿದರು. ಹಚ್ಚಿದವರೇ ಬಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ, ಕಂಪನಿಯ ಹತ್ತಿರ ಮಾತಾಡಿ ಪುಕ್ಕಟೆ ಮಾಡಿಸಿಕೊಡುತ್ತಾರಂತೆ.

ಬಸ್ಸು ಹತ್ತಿ ತೆರಕಣಾಂಬಿಗೆ ಹೋದೆ. ಅಕ್ಕ ಯಾರದೋ ಮನೆಯ ರಾಗಿ ಬೀಸುತ್ತಿದ್ದಳು. "ಒಂದು ಸೈನ್ ಹಾಕ್ಬೇಕು, ಬಾ" ಅಂದೆ. ಅಷ್ಟೇ ಹೇಳಿದ್ದು. ತಮ್ಮ ಕರೆದನೆಂದು ತಲೆಯ ಮೇಲಿನ ಹಿಟ್ಟನ್ನೂ ಸರಿಯಾಗಿ ಒರೆಸಿಕೊಳ್ಳದೆ ಹೊರಟಳು.

ಅವತ್ತು ಶೋರೂಮಿನಲ್ಲಿ ಜನ ಇದ್ದರು. ಗಾಜಿನ ಮೇಜಿನ ಮುಂದೆ ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಮ್ಯಾನೇಜರ್ ಕಾಗದ ಓದಿ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಆದರೂ ಕತ್ತೆತ್ತಿ ಹೇಳಿದಳು.

"ಅಲ್ಲ ಸ್ವಾಮಿ, ನಾ ವಿಭೂತಿ ಇಕ್ಕಿದ್ದು ಬಿರಡೆ ಮ್ಯಾಲ. ಇದು ಮೊದಲ್ನೇ ದಿನಾನೇ ಸದ್ದು ಮಾಡ್ತಿತ್ತು. ಒಳಗ ಬೇರಿಂಗ್..."

"ಅಕ್ಕ, ಬಾಯಿ ಮುಚ್ಚು!" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಿಂಗೇನು ಗೊತ್ತು? ಇದೇನು ಹಿಟ್ಟಿನ ಮಿಷನ್ನಾ? ನಿನ್ನಿಂದ ಇಷ್ಟೆಲ್ಲ ಆಗಿರೋದು. ಸೈನ್ ಹಾಕು ಸಾಕು."

ಹಿಂದೆ ಒಂದಿಬ್ಬರು ಕಿಸಕ್ಕೆಂದರು. ಅಕ್ಕ ನನ್ನನ್ನು ನೋಡಿದಳು. ಆಮೇಲೆ ಎದ್ದು ನಿಂತು, ತನ್ನ ಮಗನ ವಯಸ್ಸಿನ ಆ ಮನುಷ್ಯನಿಗೆ ಕೈ ಮುಗಿದಳು. "ತಪ್ಪಾಯ್ತು ಸ್ವಾಮಿ. ಹಳ್ಳಿ ಹೆಂಗ್ಸು, ಗೊತ್ತಾಗ್ನಿಲ್ಲ" ಎಂದು ಹೇಳಿ, ನಿಧಾನವಾಗಿ ಪೂರ್ತಿ ಹೆಸರು ಬರೆದು ಸೈನು ಹಾಕಿದಳು. ವಾಪಸು ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕೂತಳು.

ಹತ್ತು ದಿನಕ್ಕೆ ಕಾರು ಸರಿಯಾಗಿ ಬಂತು. ನಾನು ಅದರಲ್ಲಿ ಹಾಯಾಗಿ ಓಡಾಡಿದೆ. ಬೆಳಿಗ್ಗೆ ಸಂಜೆ ತೆರಕಣಾಂಬಿಯ ಮೇಲೇ ಹಾಯ್ದರೂ ಮಿಷನ್ನಿನ ಮುಂದೆ ನಿಲ್ಲಿಸುತ್ತಿರಲಿಲ್ಲ. ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎರಡು ತಿಂಗಳ ಮೇಲೆ ಚಾಮರಾಜನಗರದ ಒಂದು ಟೀ ಅಂಗಡಿಯಲ್ಲಿ ಶಾಂತರಾಜು ಸಿಕ್ಕಿದ. ಅದೇ ಶೋರೂಮಿನಲ್ಲಿ ನನ್ನ ಕಾರು ಬಿಚ್ಚಿದ ಮೆಕ್ಯಾನಿಕ್ಕು. ಈಗ ಕೆಲಸ ಬಿಟ್ಟಿದ್ದ.

"ಸಾರ್, ಒಂದ್ ಮಾತು ಹೇಳ್ಬೇಕಿತ್ತು ನಿಮ್ಗೆ" ಅಂದ. "ನಿಮ್ಮ ಗಾಡೀಲಿ ಕೆಟ್ಟಿದ್ದು ಚಾರ್ಜರ್ ಒಳಗಿನ ಫ್ಯಾನು. ಬೇರಿಂಗ್ ಹೋಗಿ ಫ್ಯಾನ್ ತಿರುಗ್ತಿರ್ಲಿಲ್ಲ, ಬಿಸಿಯಾಗಿ ಕಟ್ ಆಯ್ತಿತ್ತು. ಆ ಸಲ ಬಂದ ಗಾಡಿಗಳಲ್ಲೆಲ್ಲ ಇದೇ ತಕರಾರು. ಪುಕ್ಕಟೆ ಬದಲಾಯ್ಸಿ ಅಂತ ಕಂಪ್ನಿಯಿಂದ ಮೊದ್ಲೇ ಮೇಲ್ ಬಂದಿತ್ತು. ಇವ್ರು ತಡ ಮಾಡಿದ್ದು ಆಚೆಗೆ ಬರ್ಬಾರ್ದು ಅಂತ ನಿಮ್ಮ ಅಕ್ಕೋರ ತಲೆಗೆ ಕಟ್ಟಿದ್ರು. ವಿಭೂತಿ ಒರೆಸಿದ್ದು ನಾನೇ. ಒಳಗೆ ಒಂದು ಕಣ ಹೋಗಿರ್ಲಿಲ್ಲ."

ಟೀ ಲೋಟ ಅಲ್ಲೇ ಇಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆ ಎಳೆಯಲು ಎಮ್ಮೆಯನ್ನು ಹಿಡಿದುಕೊಟ್ಟವನು ನಾನು.

ಸೋಮವಾರ. ಆಫೀಸಿಗೆ ಹೋಗದೆ ಮಿಷನ್ನಿನ ಮುಂದೆ ಕಾರು ನಿಲ್ಲಿಸಿದೆ. ಅಕ್ಕ ರಾಗಿ ಸುರಿಯುತ್ತಿದ್ದಳು. ಮಿಷನ್ನಿನ ಬಾಯಿ ನೋಡಿದೆ. ಗೆರೆ ಇರಲಿಲ್ಲ. ಹಳೆಯ ಗೆರೆಗಳನ್ನೂ ಬಟ್ಟೆ ಒದ್ದೆ ಮಾಡಿ ಒರೆಸಿದ್ದಳು.

"ಇವತ್ತು ವಿಭೂತಿ ಇಟ್ಟಿಲ್ವಾ ಅಕ್ಕ?"

"ಅದ್ಯಾಕ್ ಬುಡ್ಲಾ ಅತ್ತ" ಅಂದಳು.

ನಾನು ಶಾಂತರಾಜು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಕ್ಕ ಸ್ವಿಚ್ ಆರಿಸಿದಳು.

"ಅಂಗಾದ್ರ ಬೇರಿಂಗೇನಾ?"

"ಬೇರಿಂಗೇ ಅಕ್ಕ."

ಅವಳ ಮುಖ ಅರಳಿತು, ಒಂದು ಗಳಿಗೆ ಮಾತ್ರ. ಆಮೇಲೆ ಚೀಲದ ಮೇಲೆ ಕೂತು ಮಾತಾಡಿದಳು.

"ನಾ ಏನ್ ಅನ್ಕಂಡಿದ್ದೆ ಗೊತ್ತಾ ಮಲ್ಲು? ಈ ಮಿಷನ್ನೂ ಏಸೊಂದ್ ಸಲ ಕೆಟ್ಟದ. ಅಪ್ಪ ತಂದಿದ್ ಮೋಟ್ರು ಸುಟ್ಟೋಯ್ತಲ್ಲ, ನಿನ್ನ ಕಾಲೇಜ್ ಫೀಜಿಗ ಇಟ್ಟಿದ್ದ ದುಡ್ಡೆಲ್ಲ ಅದ್ಕೇ ಓಯ್ತಲ್ಲ. ಅದೂ ನನ್ ಕೈಯಿಂದ್ಲೇ ಆಯ್ತೇನೋ ಅಂತ. ನನ್ ಕಿವಿಗ ಬೇರಿಂಗ್ ಸದ್ದು ಕೇಳ್ಸಿತ್ತು ಕಣ. ಆದ್ರ ನೀನು ಓದ್ದೋನು, ನೀನೇ ಅವ್ರ ಮುಂದ ಅಂಗಂದ ಮ್ಯಾಲ, ನನ್ ಕಿವೀನೇ ಸುಳ್ಳು ಅನ್ಕಂಡೆ."

ನನಗೆ ಅಳು ಬಂತು. "ತಪ್ಪಾಯ್ತು ಅಕ್ಕ" ಅಂದೆ.

"ನಂಗ್ಯಾಕ್ಲಾ ಯೋಳ್ತೀಯ? ಆವತ್ತು ಅಲ್ಲಿ ನಕ್ರಲ್ಲ, ಅವ್ರಿಗ ಯೋಳಿದ್ಯಾ?"

"ಇಲ್ಲ."

"ಆ ಕಾಗ್ದ?"

"ಅವರ ಹತ್ರಾನೇ ಅದೆ."

"ಅದ್ರಲ್ಲಿ ನನ್ ಹೆಸ್ರದ ಕಣ ಮಲ್ಲು" ಅಂದಳು. ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ತೆಗೆದು ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ. "ಅದ ತಂದ್ಕೊಡು. ಆಮ್ಯಾಲ ಇಕ್ತೀನಿ."

ಅವತ್ತೇ ಶೋರೂಮಿಗೆ ಹೋದೆ. ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ, ತಪ್ಪು ನಮ್ಮಕ್ಕನದಲ್ಲ, ಕಾರಿನದು, ಇವರದು, ನನ್ನದು ಎಂದು. ಬಂದವರೆಲ್ಲ ಬೆರಗಾಗಿ ನೋಡಿದರು. ಆವತ್ತು ನಕ್ಕವರು ಯಾರೂ ಅಲ್ಲಿರಲಿಲ್ಲ. ಗುರುಪಾದಸ್ವಾಮಿ, "ಆ ಕಾಗದ ಫೈಲಾಗಿದೆ ಸಾರ್, ಕೊಡೋಕಾಗಲ್ಲ" ಅಂದರು.

ಈಗ ಗ್ರಾಹಕರ ಆಯೋಗದಲ್ಲಿ ಅರ್ಜಿ ಹಾಕಿದ್ದೇನೆ. ಪರಿಹಾರ ಎಷ್ಟು ಕೇಳೋಣ ಅಂದರು ವಕೀಲರು. ಮೊದಲು ಆ ಕಾಗದ ಕೇಳಿ ಅಂದೆ. ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿದೆ. ಸೋಮವಾರ ಸೋಮವಾರ ಮಿಷನ್ನಿನ ಮುಂದೆ ನಿಲ್ಲಿಸಿ ಒಳಗೆ ಇಣುಕುತ್ತೇನೆ. ಅಕ್ಕ ಮಾತಾಡಿಸುತ್ತಾಳೆ, ಕಾಫಿ ತರಿಸುತ್ತಾಳೆ. ಮಿಷನ್ನಿನ ಬಾಯಿ ಇನ್ನೂ ಬರಿದಾಗಿಯೇ ಇದೆ.